ಬದಲಾಗಿದ್ದು ಬ್ಯಾಕ್ಟೀರಿಯಾನಾ, ಅದರ ಸುತ್ತಲಿನ ನೀರಾ?

ನಾಲ್ಕಾರು ತಿಂಗಳಿಗೊಮ್ಮೆ ಯಾರಾದರೂ ನನಗೆ ಒಂದೇ ಥರದ ಸುದ್ದಿ ಕಳಿಸುತ್ತಾರೆ. ‘ಬಾಹ್ಯಾಕಾಶಕ್ಕೆ ಹೋದ ಬ್ಯಾಕ್ಟೀರಿಯಾ ಮಹಾ ಬಲಶಾಲಿಯಾಗಿ ವಾಪಸ್ ಬಂತು’, ‘ವಿಜ್ಞಾನಿಗಳಿಗೇ ದಿಗಿಲು’, ಹೀಗೆ. ಜೊತೆಗೊಂದು ಹಸಿರು ಬಣ್ಣದ, ಮೈ ತುಂಬಾ ಮುಳ್ಳಿರುವ ಕ್ರಿಮಿಯ ಚಿತ್ರ. ನಾನು ಭೌತವಿಜ್ಞಾನ ಓದಿ ಆಮೇಲೆ ಮೆಲ್ಲಗೆ ಸೂಕ್ಷ್ಮಜೀವಿಗಳ ಕಡೆ ಜಾರಿದವನು, ಹಾಗಾಗಿ ಇಂಥದ್ದೆಲ್ಲ ನನ್ನ ಫೋನಿಗೇ ಬಂದು ಬೀಳುತ್ತದೆ. ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ತೊಂದರೆ ಇರೋದೇ ಅಲ್ಲಿ. ಪ್ರಯೋಗ ನಡೆದಿರುತ್ತದೆ, ಅಂಕಿ ಸರಿಯಾಗಿರುತ್ತದೆ, ಅದರ ಮೇಲೆ ಕಟ್ಟಿದ ಕಥೆ ಮಾತ್ರ ತಲೆಕೆಳಗಾಗಿರುತ್ತದೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದು ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಸಾಲಾಗಿ 500 ಮಲಗಿಸಬಹುದು. ಅಷ್ಟು ಸಣ್ಣ ಜೀವಿಗೆ ತೂಕ ಅಂದರೆ ಏನು? ತಾನು ನೆಲದ ಮೇಲಿದ್ದೇನೋ, ನೆಲದಿಂದ 400 ಕಿಲೋಮೀಟರ್ ಮೇಲೆ ಸುತ್ತುತ್ತಿದ್ದೇನೋ ಅನ್ನೋದು ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಇದಕ್ಕೆ ಉತ್ತರ ಹುಡುಕಲು ನಾನು ನನ್ನದೇ ಒಂದು ಮುಜುಗರದ ಪ್ರಸಂಗದಿಂದ ಶುರು ಮಾಡಬೇಕು. ಕಾಲೇಜಿನಲ್ಲಿ ಮೊದಲ ಸಲ ಸೂಕ್ಷ್ಮದರ್ಶಕದಡಿ ಒಂದು ಹನಿ ಇಟ್ಟು ನೋಡಿದಾಗ ಸಣ್ಣ ಸಣ್ಣ ಚುಕ್ಕೆಗಳು ಒಂದೇ ಸಮನೆ ಕುಣಿಯುತ್ತಿದ್ದವು. ನಾನು ಖುಷಿಯಾಗಿ ನೋಟ್ಸ್‌ನಲ್ಲಿ ‘ಜೀವಂತವಾಗಿವೆ, ಚೆನ್ನಾಗಿ ಈಜುತ್ತಿವೆ’ ಎಂದು ಬರೆದೆ. ಮೇಷ್ಟ್ರು ಬಂದು ನೋಡಿದರು, ಏನೂ ಹೇಳಲಿಲ್ಲ. ‘ಅದನ್ನು ಚೆನ್ನಾಗಿ ಕುದಿಸಿ, ತಣಿಸಿ, ಮತ್ತೆ ನೋಡು’ ಅಂದರಷ್ಟೆ. ಕುದಿಸಿದೆ. ಸತ್ತ ಬ್ಯಾಕ್ಟೀರಿಯಾಗಳೂ ಅಷ್ಟೇ ಚೆನ್ನಾಗಿ ಕುಣಿಯುತ್ತಿದ್ದವು.

ಆಮೇಲೆ ಗೊತ್ತಾಯಿತು, ನನಗಿಂತ ದೊಡ್ಡವರು ಈ ಹೊಂಡವನ್ನು ಮೊದಲೇ ನೋಡಿದ್ದರು ಅಂತ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಪರಾಗದ ಒಳಗಿನ ಸಣ್ಣ ಕಣಗಳು ನೀರಿನಲ್ಲಿ ಕುಣಿಯುವುದನ್ನು ಕಂಡ. ಜೀವ ಇರಬಹುದು ಎಂಬ ಅನುಮಾನ ಅವನಿಗೂ ಬಂತು. ಆದರೆ ಅವನು ನನ್ನ ಹಾಗೆ ಬರೆದು ಮುಗಿಸಲಿಲ್ಲ. ಗಾಜಿನ ಪುಡಿ, ಕಲ್ಲಿನ ಪುಡಿ, ಕೊನೆಗೆ ಈಜಿಪ್ಟಿನ ಸ್ಫಿಂಕ್ಸ್‌ನ ಒಂದು ಚೂರನ್ನೂ ಪುಡಿ ಮಾಡಿ ನೋಡಿದ. ಎಲ್ಲವೂ ಕುಣಿದವು. ಕುಣಿಸುತ್ತಿದ್ದದ್ದು ನೀರು. ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಿರುತ್ತವೆ, ಗುದ್ದು ಎಂದೂ ಸರಿಸಮ ಇರುವುದಿಲ್ಲ, ಕಣ ಅಲ್ಲಾಡುತ್ತದೆ. 1905ರಲ್ಲಿ ಐನ್‌ಸ್ಟೈನ್ ಇದಕ್ಕೆ ಲೆಕ್ಕ ಕೊಟ್ಟರು. 1908ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಜಾನ್ ಪೆರಿನ್ ಆ ಲೆಕ್ಕವನ್ನು ಪ್ರಯೋಗದಲ್ಲಿ ಹಿಡಿದು ತೋರಿಸಿದರು.

ಪೆರಿನ್ ಮಾಡಿದ್ದು ನನಗೆ ಇಂದಿಗೂ ಬಹಳ ಇಷ್ಟದ ಪ್ರಯೋಗ. ಒಂದು ಬಗೆಯ ಮರದ ಅಂಟಿನಿಂದ ಒಂದೇ ಗಾತ್ರದ ಗೋಲಿಗಳನ್ನು ಮಾಡಿಕೊಂಡು, ನೀರಿನಲ್ಲಿ ಬಿಟ್ಟು, ಯಾವ ಎತ್ತರದಲ್ಲಿ ಎಷ್ಟು ಗೋಲಿ ಇವೆ ಅಂತ ಸುಮ್ನೆ ಕೂತು ಎಣಿಸಿದರು. ಎಲ್ಲವೂ ತಳಕ್ಕೆ ಹೋಗಿ ಬಿದ್ದಿರಲಿಲ್ಲ. ಮೇಲಕ್ಕೆ ಹೋದ ಹಾಗೆ ಕಡಿಮೆಯಾಗುತ್ತಾ ಹೋಗಿದ್ದವು, ಸುಮಾರು 30 ಮೈಕ್ರಾನ್ ಮೇಲೆ ಹೋದರೆ ಸಂಖ್ಯೆ ಅರ್ಧ. ನಮ್ಮ ಗಾಳಿಯೂ ಹೀಗೇ ತಾನೆ, ಐದೂವರೆ ಕಿಲೋಮೀಟರ್ ಮೇಲೆ ಹೋದರೆ ಸುಮಾರು ಅರ್ಧ. ಗುರುತ್ವ ಕೆಳಕ್ಕೆ ಎಳೆಯುತ್ತದೆ, ಅಣುಗಳ ಗುದ್ದು ಮೇಲಕ್ಕೆ ಚದುರಿಸುತ್ತದೆ, ಎರಡರ ರಾಜಿ ಎಲ್ಲಿ ಆಗುತ್ತದೋ ಅದೇ ಆ ಎತ್ತರ. ಪೆರಿನ್‌ಗೆ 1926ರಲ್ಲಿ ನೊಬೆಲ್ ಬಂತು. ಅಣುಗಳು ನಿಜಕ್ಕೂ ಇವೆಯೋ ಇಲ್ಲವೋ ಎಂಬ ಜಗಳ ಮುಗಿದದ್ದು ಹೀಗೆ ಗೋಲಿ ಎಣಿಸಿ.

ಇದೇ ಲೆಕ್ಕವನ್ನು ಬ್ಯಾಕ್ಟೀರಿಯಾಕ್ಕೆ ಹಾಕಿ ನೋಡೋಣ. ಅದು ನೀರಿಗಿಂತ ಸುಮಾರು 10 ಪರ್ಸೆಂಟ್ ಭಾರ, ಗಾತ್ರ ಒಂದು ಘನ ಮೈಕ್ರಾನ್ ಅಂತ ಇಟ್ಟುಕೊಂಡರೆ, ಸಂಖ್ಯೆ ಅರ್ಧ ಆಗುವ ಎತ್ತರ ಬರೀ 3 ಮೈಕ್ರಾನ್ ಬರುತ್ತದೆ. ಅಂದರೆ ಈಜು ಬಾರದ ಬ್ಯಾಕ್ಟೀರಿಯಾವನ್ನು ಅಲುಗಾಡಿಸದೆ ಬಹಳ ದಿನ ಬಿಟ್ಟರೆ ಹೆಚ್ಚೂ ಕಡಿಮೆ ಪೂರ್ತಿ ತಳ ಸೇರುತ್ತದೆ. ಆದರೆ ಎಷ್ಟು ಬೇಗ? ಸೆಕೆಂಡಿಗೆ ಸುಮಾರು 0.06 ಮೈಕ್ರಾನ್. ದಿನಕ್ಕೆ ಸುಮಾರು 5 ಮಿಲಿಮೀಟರ್. ಈ ಎರಡು ಅಂಕಿಗಳನ್ನು ಸ್ವಲ್ಪ ನೆನಪಲ್ಲಿ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತವೆ. ಬೀಳುವುದು ಖಂಡಿತ, ಆದರೆ ತುಂಬಾ ನಿಧಾನ.

ಇನ್ನು ಈಜು ಬರುವ ಬ್ಯಾಕ್ಟೀರಿಯಾ. ಇ. ಕೋಲೈ ಸೆಕೆಂಡಿಗೆ 20ರಿಂದ 30 ಮೈಕ್ರಾನ್ ಓಡುತ್ತದೆ. ಅದು ಬೀಳುವ ವೇಗಕ್ಕೆ ಹೋಲಿಸಿದರೆ 400, 500 ಪಟ್ಟು ಜಾಸ್ತಿ. ಹಾಗಾಗಿ ಅದಕ್ಕೆ ಬೀಳುವುದು ಲೆಕ್ಕಕ್ಕೇ ಇಲ್ಲ. ಆದರೆ ಅದು ಈಜುವ ನೀರು ನಾವು ಈಜುವ ನೀರಲ್ಲ. ಎಡ್ವರ್ಡ್ ಪರ್ಸೆಲ್ ಎಂಬ ಭೌತವಿಜ್ಞಾನಿ (ಪರಮಾಣು ಬೀಜಗಳ ಕಾಂತೀಯ ಅನುರಣನಕ್ಕೆ 1952ರಲ್ಲಿ ನೊಬೆಲ್ ಪಡೆದವರು, ಇವತ್ತಿನ ಎಂಆರ್‌ಐ ಯಂತ್ರದ ಬೇರು ಅಲ್ಲಿದೆ) 1977ರಲ್ಲಿ ಅಚ್ಚಾದ ಒಂದು ಭಾಷಣದಲ್ಲಿ ಇದನ್ನು ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ ಅಂದರೆ, ನಾನು ಸೂಕ್ಷ್ಮಜೀವಿಗಳ ಕಡೆ ಬಂದಿದ್ದೇ ಅದನ್ನು ಓದಿ. ನಾವು ಕೈಕಾಲು ಬಡಿಯುವುದು ನಿಲ್ಲಿಸಿದರೂ ಸ್ವಲ್ಪ ದೂರ ತೇಲಿಕೊಂಡು ಹೋಗುತ್ತೇವೆ, ಅಲ್ವಾ? ಬ್ಯಾಕ್ಟೀರಿಯಾ ಬಾಲ ತಿರುಗಿಸುವುದನ್ನು ನಿಲ್ಲಿಸಿದರೆ ಎಷ್ಟು ದೂರ ಹೋಗಿ ನಿಲ್ಲುತ್ತದೆ ಗೊತ್ತಾ? ಒಂದು ಹೈಡ್ರೋಜನ್ ಪರಮಾಣುವಿನ ಹತ್ತನೇ ಒಂದು ಭಾಗದಷ್ಟು ದೂರ! ನಿಂತಿತು ಅಂದರೆ ನಿಂತಿತು. ನ್ಯೂಟನ್ ಹೇಳಿದ ಜಡತ್ವ ಆ ಲೋಕದಲ್ಲಿ ನಡೆಯುವುದೇ ಇಲ್ಲ, ಅಲ್ಲಿ ನೀರಿನ ಅಂಟೇ ಎಲ್ಲ. ದೋಣಿಯ ಹುಟ್ಟು ಹಾಕಿದ ಹಾಗೆ ಹಿಂದೆ ಮುಂದೆ ಆಡಿಸಿದರೆ ಹೋದಷ್ಟೇ ದೂರ ವಾಪಸ್ ಬರುತ್ತೀರಿ. ಅದಕ್ಕೇ ಬ್ಯಾಕ್ಟೀರಿಯಾ ಬಾಲವನ್ನು ಸ್ಕ್ರೂ ಥರ ತಿರುಗಿಸುತ್ತದೆ. ತಿರುಗುತ್ತದೆ ಅನ್ನೋದು 1973ರಲ್ಲಿ ಹೊವಾರ್ಡ್ ಬರ್ಗ್ ಮತ್ತು ರಾಬರ್ಟ್ ಆಂಡರ್‌ಸನ್ ವಾದಿಸಿ ತೋರಿಸುವವರೆಗೂ ಎಲ್ಲರೂ ಅದು ಹಾವಿನ ಹಾಗೆ ಬಳುಕುತ್ತದೆ ಅಂತಲೇ ಅಂದುಕೊಂಡಿದ್ದರು.

ಪರ್ಸೆಲ್ ಇನ್ನೊಂದು ಮಾತು ಹೇಳಿದರು, ನನಗೆ ಇಲ್ಲಿ ಬೇಕಾದದ್ದು ಅದು. ಬ್ಯಾಕ್ಟೀರಿಯಾ ಊಟ ಹುಡುಕಿಕೊಂಡು ಓಡಬೇಕಾಗಿಲ್ಲ, ತನ್ನ ಪಕ್ಕದ ನೀರನ್ನು ಕಲಕಬೇಕಾಗಿಯೂ ಇಲ್ಲ, ಊಟ ತಾನಾಗೇ ಬರುತ್ತದೆ. ಪುಸ್ತಕದಲ್ಲಿ ಇದಕ್ಕೆ ವಿಸರಣೆ ಅನ್ನುತ್ತಾರೆ, ಲ್ಯಾಬಿನಲ್ಲಿ ಎಲ್ಲರೂ ಡಿಫ್ಯೂಷನ್ ಅಂತಲೇ ಹೇಳೋದು. ಬ್ರೌನ್ ನೋಡಿದ ಅದೇ ಕುಣಿತದಿಂದ ಗ್ಲೂಕೋಸ್ ಅಣುವೂ ಅಲೆಯುತ್ತಾ ಹರಡುತ್ತದೆ. ಇದರ ವಿಚಿತ್ರ ಏನಂದರೆ ದೂರ ಹತ್ತು ಪಟ್ಟು ಆದರೆ ಸಮಯ ನೂರು ಪಟ್ಟು ಆಗುತ್ತದೆ. ನೀರಿನಲ್ಲಿ ಗ್ಲೂಕೋಸ್ ಒಂದು ಮೈಕ್ರಾನ್ ಹೋಗಲು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಸಾಕು. ಒಂದು ಮಿಲಿಮೀಟರಿಗೆ ಸುಮಾರು 12 ನಿಮಿಷ. ಒಂದು ಸೆಂಟಿಮೀಟರಿಗೆ? 20 ಗಂಟೆಗೂ ಜಾಸ್ತಿ. ಒಂದು ಬ್ಯಾಕ್ಟೀರಿಯಾದ ಮಟ್ಟದಲ್ಲಿ ಡಿಫ್ಯೂಷನ್‌ನಂಥ ವೇಗದ ಸೇವೆ ಇಲ್ಲ, ಒಂದು ಪ್ರನಾಳದ ಮಟ್ಟದಲ್ಲಿ ಅದರಷ್ಟು ಸೋಮಾರಿ ಇನ್ನೊಂದಿಲ್ಲ.

ಈಗ ಬಾಹ್ಯಾಕಾಶಕ್ಕೆ ಹೋಗೋಣ.

ಮೊದಲು ಒಂದು ಹಳೇ ತಪ್ಪನ್ನು ಸರಿ ಮಾಡಿಬಿಡುತ್ತೇನೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಇಲ್ಲ ಅನ್ನುವುದು ಸರಿಯಲ್ಲ. 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಎಳೆತ ನೆಲದ ಮೇಲೆ ಇರುವುದರ ಸುಮಾರು 90 ಪರ್ಸೆಂಟ್ ಇರುತ್ತದೆ. ನಿಲ್ದಾಣ, ಅದರೊಳಗಿನ ಮನುಷ್ಯರು, ಪ್ರನಾಳ, ಪ್ರನಾಳದ ನೀರು, ನೀರಿನ ಬ್ಯಾಕ್ಟೀರಿಯಾ ಎಲ್ಲವೂ ಒಟ್ಟಿಗೆ ಬೀಳುತ್ತಾ ಇರುತ್ತವೆ, ಪಕ್ಕಕ್ಕೆ ಓಡುವ ವೇಗ ಜಾಸ್ತಿ ಇರುವುದರಿಂದ ನೆಲಕ್ಕೆ ಮಾತ್ರ ಎಂದೂ ತಾಗುವುದಿಲ್ಲ. ಎಲ್ಲವೂ ಒಟ್ಟಿಗೆ ಬೀಳುವಾಗ ಒಂದು ಇನ್ನೊಂದಕ್ಕಿಂತ ಭಾರ ಅನ್ನುವ ಮಾತಿಗೆ ಅರ್ಥ ಇರುವುದಿಲ್ಲ. ಭಾರವಾದದ್ದು ತಳಕ್ಕೆ ಇಳಿಯುವುದಿಲ್ಲ, ಹಗುರಾದದ್ದು ಮೇಲಕ್ಕೆ ಏರುವುದಿಲ್ಲ. ಅಲ್ಲಿ ಹಚ್ಚಿದ ಮೇಣದ ಬತ್ತಿಯ ಉರಿ ಉದ್ದಕ್ಕೆ ಏಳದೆ ದುಂಡಗೆ, ನೀಲಿಯಾಗಿ ಕೂತಿರುತ್ತದೆ, ಯಾಕಂದರೆ ಬಿಸಿ ಗಾಳಿ ಮೇಲೇರಿ ಹೊಸ ಗಾಳಿಯನ್ನು ಎಳೆದುಕೊಳ್ಳುವ ಕೆಲಸ ನಿಂತುಹೋಗಿರುತ್ತದೆ.

1965ರಲ್ಲಿ ಅರ್ನೆಸ್ಟ್ ಪೊಲಾರ್ಡ್ ಎಂಬುವರು ಕಾಗದದ ಮೇಲೆ ಲೆಕ್ಕ ಹಾಕಿದ್ದರು. ಅವರೂ ಪರಮಾಣು ಭೌತಶಾಸ್ತ್ರದಿಂದ ಜೀವಶಾಸ್ತ್ರಕ್ಕೆ ಬಂದವರೇ. ಜೀವಕೋಶದ ಗಾತ್ರ ಸುಮಾರು 10 ಮೈಕ್ರಾನ್‌ಗಿಂತ ಕಡಿಮೆ ಇದ್ದರೆ ಒಳಗಿನ ಸಾಮಾನುಗಳನ್ನು ಗುರುತ್ವ ಕೆಳಕ್ಕೆ ಎಳೆಯುವುದಕ್ಕಿಂತ ಅಣುಗಳ ಕುಣಿತವೇ ಜೋರು, ಹಾಗಾಗಿ ತೂಕ ಇದ್ದರೂ ಇಲ್ಲದಿದ್ದರೂ ಅದಕ್ಕೆ ವ್ಯತ್ಯಾಸ ಆಗಬಾರದು ಎಂಬುದು ಅದರ ಸಾರ. ಸಿದ್ಧಾಂತದ ಕಡೆಯಿಂದ ಕೇಸ್ ಮುಗಿದ ಹಾಗೆ.

ಆದರೆ ಬ್ಯಾಕ್ಟೀರಿಯಾಗಳು ಆ ಲೆಕ್ಕ ಓದಿರಲಿಲ್ಲ. 1982ರಲ್ಲಿ ಸೋವಿಯತ್ತಿನ ಸಾಲ್ಯುತ್ 7 ನಿಲ್ದಾಣದಲ್ಲಿ ಸೈಟೋಸ್ 2 ಎಂಬ ಫ್ರೆಂಚ್ ಪ್ರಯೋಗ ನಡೆಯಿತು. ಇ. ಕೋಲೈ ಮತ್ತು ಸ್ಟಾಫಿಲೋಕಾಕಸ್ ಎರಡನ್ನೂ ತಡೆಯಲು ನೆಲದ ಮೇಲೆ ಬೇಕಾದದ್ದಕ್ಕಿಂತ ಜಾಸ್ತಿ ಆಂಟಿಬಯಾಟಿಕ್ ಬೇಕಾಯಿತು. ಆಮೇಲೆ ಡೇವಿಡ್ ಕ್ಲಾಸ್ ಮತ್ತು ಅವರ ಜೊತೆಗಾರರು ಅಮೆರಿಕದ ಬಾಹ್ಯಾಕಾಶ ನೌಕೆ ಷಟಲ್‌ನ ಏಳು ಯಾನಗಳಲ್ಲಿ ಇ. ಕೋಲೈ ಕಳಿಸಿ, 1997ರಲ್ಲಿ ಬರೆದರು: ಬೆಳವಣಿಗೆಗೆ ಮುಂಚಿನ ಮಂದ ಹೊತ್ತು ಚಿಕ್ಕದಾಯಿತು, ದುಪ್ಪಟ್ಟಾಗುತ್ತಾ ಹೋಗುವ ಹೊತ್ತು ಉದ್ದವಾಯಿತು, ಕೊನೆಗೆ ಸಿಕ್ಕ ಸಂಖ್ಯೆ ನೆಲದ್ದಕ್ಕಿಂತ ಸುಮಾರು ಎರಡು ಪಟ್ಟು.

ಸುದ್ದಿಯವರು ಇಲ್ಲಿಂದ ‘ಬಲಶಾಲಿ ಕ್ರಿಮಿ’ ಕಡೆಗೆ ಜಿಗಿಯುತ್ತಾರೆ. ನಾನು ವಾಪಸ್ ಆ ಎರಡು ಅಂಕಿಗಳ ಕಡೆ ಹೋಗುತ್ತೇನೆ. ನೆಲದ ಮೇಲಿನ ಪ್ರನಾಳದಲ್ಲಿ ಏನಾಗುತ್ತಿದೆ ನೋಡಿ. ಬ್ಯಾಕ್ಟೀರಿಯಾಗಳು ದಿನಕ್ಕೆ 5 ಮಿಲಿಮೀಟರಿನ ಹಾಗೆ ಇಳಿದು ತಳದಲ್ಲಿ ಗುಂಪುಗೂಡುತ್ತವೆ. ಅಲ್ಲಿ ಊಟ ಬೇಗ ಖಾಲಿ, ಕಸ ಬೇಗ ಜಮಾ. ಮೇಲೆ ಒಂದು ಸೆಂಟಿಮೀಟರ್ ದೂರದಲ್ಲಿ ಬೇಕಾದಷ್ಟು ಗ್ಲೂಕೋಸ್ ಇದೆ, ಆದರೆ ಅದು ಕೆಳಗೆ ಬರಲು 20 ಗಂಟೆ ಬೇಕು. ಕಕ್ಷೆಯಲ್ಲಿ ಇಳಿಯುವ ಪ್ರಶ್ನೆಯೇ ಇಲ್ಲ. ಪ್ರತಿಯೊಂದೂ ಹುಟ್ಟಿದ ಜಾಗದಲ್ಲೇ ತೇಲಿಕೊಂಡು, ಪೂರ್ತಿ ಪ್ರನಾಳದ ಊಟವನ್ನು ಹಂಚಿಕೊಂಡು ತಿನ್ನುತ್ತವೆ. ಹಾಗಿದ್ದಾಗ ಎರಡು ಪಟ್ಟು ಬೆಳೆದರೆ ಆಶ್ಚರ್ಯ ಏನಿದೆ? ವಿಚಿತ್ರವಾಗಿ ನಡೆದುಕೊಂಡದ್ದು ಕಕ್ಷೆಯ ಪ್ರನಾಳವೋ ನೆಲದ ಪ್ರನಾಳವೋ ಅಂತ ನಾವೇ ಕೇಳಿಕೊಳ್ಳಬೇಕು. ಪೊಲಾರ್ಡ್ ಲೆಕ್ಕ ತಪ್ಪಿರಲಿಲ್ಲ, ಅದು ಕೋಶದ ಒಳಗಿನದ್ದು. ಗುರುತ್ವ ಕೈಹಾಕಿದ್ದು ಹೊರಗೆ.

ಇದಕ್ಕೆ ಒಂದು ಒಳ್ಳೇ ಪರೀಕ್ಷೆ ಇದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲೇ ಜಾಣತನದ ಪ್ರಶ್ನೆ ಅದು. ನೀರೇ ಕಾರಣ ಆಗಿದ್ದರೆ ಈಜು ಬರುವ ಬ್ಯಾಕ್ಟೀರಿಯಾಕ್ಕೂ ಬಾರದ್ದಕ್ಕೂ ವ್ಯತ್ಯಾಸ ಇರಬೇಕು, ಅಲ್ವಾ? ಈಜುವಂಥದ್ದು ನೆಲದ ಮೇಲೂ ತಳ ಸೇರುವುದಿಲ್ಲ, ಸುತ್ತಲಿನ ನೀರನ್ನು ತಾನೇ ಕಲಕುತ್ತಿರುತ್ತದೆ, ಅದಕ್ಕೆ ಕಕ್ಷೆಯೂ ನೆಲವೂ ಒಂದೇ ಆಗಬೇಕು. 2007ರಲ್ಲಿ ಬೆನ್ವಾ ಮತ್ತು ಕ್ಲಾಸ್ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಹೆಚ್ಚೂ ಕಡಿಮೆ ಹಾಗೇ ಕಂಡಿತು. ಬೆಳವಣಿಗೆ ಜಾಸ್ತಿಯಾದದ್ದು ಮುಖ್ಯವಾಗಿ ಈಜದವುಗಳಲ್ಲಿ. ಅದಕ್ಕೂ ಮುಂಚೆ ಒಬ್ಬರು ‘ಆಯಿತು’ ಅನ್ನುವುದು, ಇನ್ನೊಬ್ಬರು ‘ಏನೂ ಆಗಲಿಲ್ಲ’ ಅನ್ನುವುದು ನಡೆದೇ ಇತ್ತು. ಇಬ್ಬರೂ ಸರಿಯಿದ್ದರು, ಬೇರೆ ಬೇರೆ ಬ್ಯಾಕ್ಟೀರಿಯಾ ಕಳಿಸಿದ್ದರಷ್ಟೆ.

ಕರುಳಿನ ಕಾಯಿಲೆ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಕಥೆ ಇದಕ್ಕಿಂತ ಸಿಕ್ಕಾಗಿದೆ, ಸುದ್ದಿಯವರಿಗೆ ಅತಿ ಪ್ರಿಯವಾದದ್ದೂ ಇದೇ. 2006ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಸ್ ಷಟಲ್‌ನಲ್ಲಿ ಶೆರಿಲ್ ನಿಕರ್‌ಸನ್ ಅವರ ತಂಡ ಸಾಲ್ಮೊನೆಲ್ಲಾವನ್ನು ಮುಚ್ಚಿದ ಡಬ್ಬಿಗಳಲ್ಲಿ ಕಳಿಸಿತು. ವಾಪಸ್ ಬಂದದ್ದನ್ನು ಇಲಿಗಳಿಗೆ ಕೊಟ್ಟರು. ನೆಲದ ಮೇಲೆ ಬೆಳೆಸಿದ ಸಾಲ್ಮೊನೆಲ್ಲಾ ಪಡೆದ ಇಲಿಗಳಿಗಿಂತ ಇವು ಬೇಗ ಸತ್ತವು, ಜಾಸ್ತಿ ಸತ್ತವು. ಅರ್ಧದಷ್ಟು ಇಲಿಗಳನ್ನು ಕೊಲ್ಲಲು ಬೇಕಾದ ಪ್ರಮಾಣ ಸುಮಾರು 2.7 ಪಟ್ಟು ಕಡಿಮೆಯಾಗಿತ್ತು. 167 ಜೀನ್‌ಗಳ ಚಟುವಟಿಕೆ ಬದಲಾಗಿತ್ತು, ಅದರಲ್ಲಿ ಬಹಳಷ್ಟನ್ನು ಹಿಡಿದಾಡಿಸುವ ಒಂದು ಪ್ರೋಟೀನ್ ಇದೆ, ಹೆಚ್‌ಎಫ್‌ಕ್ಯು ಅಂತ. ಇಷ್ಟೂ ನಿಜ. ಆದರೆ ಗಮನಿಸಬೇಕಾದ್ದು, ಇದು ಹೊಸ ರೂಪಾಂತರಿ ತಳಿ ಹುಟ್ಟಿದ ಕಥೆ ಅಲ್ಲ. ಅದೇ ಜೀನ್‌ಗಳು, ಸ್ವಿಚ್‌ಗಳು ಮಾತ್ರ ಬೇರೆ.

ಯಾಕೆ ಸ್ವಿಚ್ ಬಿತ್ತು ಅನ್ನುವುದಕ್ಕೆ ಅವರು ಕೊಟ್ಟ ವಿವರಣೆ ನನಗೆ ತುಂಬಾ ಹಿಡಿಸಿತು. ನೀರು ಬ್ಯಾಕ್ಟೀರಿಯಾದ ಮೈ ಮೇಲೆ ಹರಿಯುವಾಗ ಉಜ್ಜುತ್ತದೆ. ನೆಲದ ಮೇಲಿನ ಪ್ರನಾಳದಲ್ಲಿ ಆ ಉಜ್ಜಾಟ ಒಂದು ಮಟ್ಟದಲ್ಲಿ ಇದ್ದೇ ಇರುತ್ತದೆ, ಕಕ್ಷೆಯಲ್ಲಿ ಬಹಳ ಕಡಿಮೆ. ಇಷ್ಟು ಕಡಿಮೆ ಉಜ್ಜಾಟ ಸಾಲ್ಮೊನೆಲ್ಲಾಕ್ಕೆ ಸಿಗುವ ಇನ್ನೊಂದು ಜಾಗ ಇದೆ: ಕರುಳಿನ ಒಳಗೋಡೆಯ ಕೂದಲೆಳೆಯಂಥ ಮಡಿಕೆಗಳ ನಡುವೆ. ಅಂದರೆ ಅದಕ್ಕೆ ಬಾಹ್ಯಾಕಾಶ ಅಂತ ಗೊತ್ತೇ ಆಗಿಲ್ಲ. ‘ಓ, ಕರುಳಿಗೆ ಬಂದುಬಿಟ್ಟೆ’ ಅಂದುಕೊಂಡು, ಕರುಳಿನಲ್ಲಿ ಏನು ಮಾಡಬೇಕೋ ಅದಕ್ಕೆ ಸಜ್ಜಾಗಿ ಕೂತಿದೆ. ಎರಡು ವರ್ಷ ಬಿಟ್ಟು, 2008ರಲ್ಲಿ, ಮತ್ತೊಂದು ಯಾನದಲ್ಲಿ ಇದೇ ಪ್ರಯೋಗ ಮಾಡುವಾಗ ಬೆಳೆಸುವ ದ್ರವದಲ್ಲಿ ಫಾಸ್ಫೇಟ್ ಮೊದಲಾದ ಕೆಲವು ಲವಣಗಳನ್ನು ಜಾಸ್ತಿ ಮಾಡಿದರು. ಆ ಹೆಚ್ಚಿನ ರೋಗಶಕ್ತಿ ಮಾಯ. ದ್ರವದ ಉಪ್ಪು ಬದಲಿಸಿದರೆ ಇಳಿದುಹೋಗುವ ಬಲಕ್ಕೆ ‘ಮಹಾ ಬಲಶಾಲಿ’ ಅಂತ ಹೆಸರಿಡುವುದು ಸ್ವಲ್ಪ ಅತಿ ಆಯಿತು.

ಸ್ಯೂಡೋಮೋನಾಸ್ ಎಂಬ ಇನ್ನೊಂದರದ್ದೂ ಹೀಗೇ ಒಂದು ವಿಚಾರ. 2010 ಮತ್ತು 2011ರ ಎರಡು ಷಟಲ್ ಯಾನಗಳಲ್ಲಿ ಅದು ಕಟ್ಟಿದ ಲೋಳೆಪದರ, ಅಂದರೆ ಬಯೋಫಿಲ್ಮ್, ಕಂಬಗಳ ಮೇಲೆ ಚಪ್ಪರ ಹಾಕಿದ ಹಾಗೆ ಇತ್ತು. ನೆಲದ ಮೇಲೆ ಅಂಥದ್ದು ಕಂಡಿರಲಿಲ್ಲ. ಆದರೆ ಬಾಲ ತಿರುಗಿಸಲಾಗದ, ಈಜಲಾಗದ ತಳಿಯನ್ನು ಕಳಿಸಿದಾಗ ಆ ಚಪ್ಪರ ಎದ್ದೇಳಲಿಲ್ಲ. ಇಲ್ಲಿ ಈಜು ಬರುವುದೇ ವ್ಯತ್ಯಾಸಕ್ಕೆ ಕಾರಣ, ಮೇಲೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ನಾನು ಇದನ್ನು ಮುಚ್ಚಿಡಲು ಹೋಗುವುದಿಲ್ಲ. ‘ಈಜದಿದ್ದರೆ ಮಾತ್ರ ಪರಿಣಾಮ’ ಎಂಬ ಸೂತ್ರ ಬೆಳವಣಿಗೆಯ ಎಣಿಕೆಗೆ ಹೊಂದುತ್ತದೆ, ಮನೆ ಕಟ್ಟುವ ವಿಚಾರಕ್ಕೆ ಹೊಂದುವುದಿಲ್ಲ.

ಈ ಪ್ರಯೋಗಗಳಲ್ಲಿ ಕೈಗೆ ಸಿಗುವುದು ಎಷ್ಟು ಕಡಿಮೆ ಅಂತ ಹೊರಗಿನವರಿಗೆ ಅಂದಾಜು ಇರುವುದಿಲ್ಲ. ನೆಲದ ಲ್ಯಾಬಿನಲ್ಲಿ ಒಂದು ಫಲಿತಾಂಶ ಅನುಮಾನ ಬಂದರೆ ನಾಳೆ ಬೆಳಿಗ್ಗೆ ಮತ್ತೆ ಹಾಕಿ ನೋಡುತ್ತೇವೆ. ಅಲ್ಲಿ ಮತ್ತೆ ಅಂದರೆ ಇನ್ನೊಂದು ರಾಕೆಟ್. ಅಂಗೈಯಗಲದ ಪೆಟ್ಟಿಗೆಯಲ್ಲಿ ಬೆರಳೆಣಿಕೆಯಷ್ಟು ಪ್ರನಾಳ. ಉಡಾವಣೆ ಮುಂದೂಡಿದರೆ ಅವು ಫ್ರಿಜ್‌ನಲ್ಲಿ ಕಾಯಬೇಕು. ಮೇಲೆ ಹೋಗುವಾಗಿನ ನಡುಕ, ಮೇಲಿರುವಾಗಿನ ವಿಕಿರಣ, ಉಷ್ಣತೆಯ ಸಣ್ಣ ಏರಿಳಿತ, ಇದೆಲ್ಲ ಸೇರಿ ಏನೋ ಆಯಿತು ಅಂದರೆ ‘ಗುರುತ್ವ ಇಲ್ಲದ್ದರಿಂದ ಆಯಿತು’ ಅಂತ ಹೇಗೆ ಹೇಳುತ್ತೀರಿ? ಅದಕ್ಕೆ ಒಂದು ಉಪಾಯ ಇದೆ. ನಿಲ್ದಾಣದೊಳಗೇ ಒಂದು ಸಣ್ಣ ಸೆಂಟ್ರಿಫ್ಯೂಜ್ ಇಟ್ಟು, ಕೆಲವು ಪ್ರನಾಳಗಳನ್ನು ತಿರುಗಿಸಿ ಭೂಮಿಯಷ್ಟೇ ತೂಕ ಕೊಡುವುದು. ಆಗ ನಡುಕ, ವಿಕಿರಣ, ಕಾಯುವಿಕೆ ಎಲ್ಲ ಎರಡಕ್ಕೂ ಒಂದೇ, ತೂಕ ಒಂದೇ ಬೇರೆ. ಯುರೋಪಿನವರ ಕ್ಯೂಬಿಕ್ ಎಂಬ ಪೆಟ್ಟಿಗೆಯಲ್ಲಿ ಈ ಅನುಕೂಲ ಇದೆ. ಇದಿಲ್ಲದ ಪ್ರಯೋಗದ ಫಲಿತಾಂಶ ಓದುವಾಗ ನಾನು ಒಂದು ಹುಬ್ಬು ಮೇಲೆತ್ತಿಕೊಂಡೇ ಓದುತ್ತೇನೆ.

ನೆಲದ ಮೇಲೇ ತೂಕವಿಲ್ಲದ ಸ್ಥಿತಿಯ ನಕಲು ಮಾಡುವ ಯಂತ್ರಗಳೂ ಇವೆ, ದ್ರವ ತುಂಬಿದ ಪಾತ್ರೆಯನ್ನು ಅಡ್ಡ ಮಲಗಿಸಿ ನಿಧಾನಕ್ಕೆ ತಿರುಗಿಸುವಂಥವು. ಕೆಳಗೆ ಅನ್ನುವ ದಿಕ್ಕೇ ತಿರುಗುತ್ತಾ ಇರುವುದರಿಂದ ಬ್ಯಾಕ್ಟೀರಿಯಾ ಎಲ್ಲೂ ಹೋಗಿ ಕೂರುವುದಿಲ್ಲ. ಅಗ್ಗ, ಬೇಕಾದಷ್ಟು ಸಲ ಮಾಡಬಹುದು. ನಕಲು ಎಷ್ಟರಮಟ್ಟಿಗೆ ಸಾಚಾ ಅಂತ ಜಗಳ ನಡೆಯುತ್ತಲೇ ಇರುತ್ತದೆ. ಬೀಳದಂತೆ ತಡೆಯುವುದೂ ಬೀಳುವ ಕಾರಣವನ್ನೇ ತೆಗೆಯುವುದೂ ಒಂದೇ ಅಲ್ಲವಲ್ಲ.

ಇನ್ನೊಂದು ತುದಿಯ ಪ್ರಯೋಗವನ್ನು ಹೇಳದೆ ಬಿಡಲಾರೆ. 2011ರಲ್ಲಿ ಶಿಗೇರು ದೆಗುಚಿ ಮತ್ತು ಜೊತೆಗಾರರು ಜಪಾನಿನಲ್ಲಿ ಬ್ಯಾಕ್ಟೀರಿಯಾಗಳನ್ನು ಅತಿ ವೇಗದ ಸೆಂಟ್ರಿಫ್ಯೂಜ್‌ಗೆ ಹಾಕಿ ತಿರುಗಿಸಿದರು. ಇ. ಕೋಲೈ ಮತ್ತು ಪ್ಯಾರಾಕಾಕಸ್ ಭೂಮಿಯ ಗುರುತ್ವದ 4,03,627 ಪಟ್ಟಿನಲ್ಲೂ ಬೆಳೆದವು! ಬದುಕಿ ಉಳಿಯುವುದು ಬೇರೆ, ಇವು ತಿರುಗುತ್ತಿರುವಾಗಲೇ ಒಡೆದು ಎರಡಾಗುತ್ತಾ ಹೋದವು. ತೂಕ ನಾಲ್ಕು ಲಕ್ಷ ಪಟ್ಟು ಆದರೂ ಒಳಗಿನ ಕೆಲಸ ನಿಲ್ಲದ ಜೀವಿ, ತೂಕ ಸೊನ್ನೆ ಆದಾಗ ಒಳಗಿಂದೊಳಗೇ ಬೆಚ್ಚಿಬಿದ್ದು ಬದಲಾಗುತ್ತದೆ ಅಂದರೆ ನನಗಂತೂ ನಂಬುವುದು ಕಷ್ಟ.

2019ರ ಬಯೋರಾಕ್ ಪ್ರಯೋಗಕ್ಕೆ ಬರುತ್ತೇನೆ. ಇದರ ಬಗ್ಗೆ ಬಂದ ಸುದ್ದಿಯೆಲ್ಲ ಕಲ್ಲಿನಿಂದ ಲೋಹ ತೆಗೆಯುವ ಬ್ಯಾಕ್ಟೀರಿಯಾದ್ದು. ಚಾರ್ಲ್ಸ್ ಕಾಕೆಲ್ ಅವರ ತಂಡ ಬಸಾಲ್ಟ್ ಕಲ್ಲಿನ ಚೂರುಗಳ ಮೇಲೆ ಮೂರು ಬಗೆಯ ಬ್ಯಾಕ್ಟೀರಿಯಾ ಬೆಳೆಸಿತು, ಅದರಲ್ಲಿ ಸ್ಫಿಂಗೋಮೋನಾಸ್ ಎಂಬುದು ಕಕ್ಷೆಯಲ್ಲೂ ಕಲ್ಲಿನಿಂದ ಅಪರೂಪದ ಲೋಹಗಳನ್ನು ಬಿಡಿಸಿಕೊಟ್ಟಿತು. ಒಳ್ಳೇದೇ. ಆದರೆ ಅದೇ ಪ್ರಯೋಗದ ಇನ್ನೊಂದು ಫಲಿತಾಂಶ ಯಾರ ಫೋನಿಗೂ ಫಾರ್ವರ್ಡ್ ಆಗಲಿಲ್ಲ. ತೂಕವಿಲ್ಲದ ಸ್ಥಿತಿ, ಮಂಗಳ ಗ್ರಹದಷ್ಟು ತೂಕ, ಭೂಮಿಯಷ್ಟು ತೂಕ, ಈ ಮೂರರಲ್ಲೂ 21 ದಿನ ಬೆಳೆಸಿದ ಮೇಲೆ ಕೊನೆಯ ಸಂಖ್ಯೆ ಎಣಿಸಿದರೆ ಮೂರು ಬ್ಯಾಕ್ಟೀರಿಯಾಗಳಿಗೂ ವ್ಯತ್ಯಾಸ ಇರಲಿಲ್ಲ. ‘ಏನೂ ಆಗಲಿಲ್ಲ’ ಅಂತ ಒಂದು ಇಡೀ ಪ್ರಬಂಧ. ನನಗೆ ಇದು ಸಾಲ್ಮೊನೆಲ್ಲಾ ಕಥೆಗಿಂತ ಜಾಸ್ತಿ ಹೇಳುತ್ತದೆ. ಒಂದು ಸೆಂಟಿಮೀಟರಿಗೆ 20 ಗಂಟೆ ತೆಗೆದುಕೊಳ್ಳುವ ಡಿಫ್ಯೂಷನ್‌ಗೆ 21 ದಿನ ಕೊಟ್ಟರೆ ಎಲ್ಲ ಕಡೆ ಊಟ ಹಂಚಿ ಮುಗಿಸಿರುತ್ತದೆ. ಆಮೇಲೆ ತಳದಲ್ಲಿ ಕೂತಿದ್ದರೇನು, ತೇಲುತ್ತಿದ್ದರೇನು.

ಇಷ್ಟಾದ ಮೇಲೂ ನನಗೆ ಒಂದು ಮುಳ್ಳು ಚುಚ್ಚುತ್ತಲೇ ಇದೆ. 2016ರಲ್ಲಿ ಲೂಯಿಸ್ ಝಿಯಾ ಮತ್ತು ಜೊತೆಗಾರರು ನಿಲ್ದಾಣದಲ್ಲಿ ಬೆಳೆದ ಇ. ಕೋಲೈಯ ಜೀನ್‌ಗಳ ಚಟುವಟಿಕೆ ಓದಿದರು. ಆ ಬ್ಯಾಕ್ಟೀರಿಯಾಗಳು ‘ಗ್ಲೂಕೋಸ್ ಸಾಲುತ್ತಿಲ್ಲ, ಸುತ್ತ ಹುಳಿಯಾಗಿದೆ’ ಎಂದು ದೂರು ಹೇಳುವಾಗ ಯಾವ ಜೀನ್‌ಗಳನ್ನು ಎಬ್ಬಿಸುತ್ತವೋ ಅವೇ ಎದ್ದಿದ್ದವು. ಇದನ್ನು ನೀರಿನ ವಾದಕ್ಕೆ ಸಾಕ್ಷಿ ಅಂತ ಎಲ್ಲರೂ ತೆಗೆದುಕೊಳ್ಳುತ್ತಾರೆ: ನೀರು ಕದಲದೆ ಪ್ರತಿಯೊಂದರ ಸುತ್ತ ಊಟ ಖಾಲಿಯಾದ, ಕಸ ತುಂಬಿದ ಒಂದು ಪದರ ಕಟ್ಟಿಕೊಳ್ಳುತ್ತದೆ ಅಂತ. ನಾನೂ ಬಹಳ ದಿನ ಹಾಗೇ ಹೇಳುತ್ತಿದ್ದೆ. ಆದರೆ ಪರ್ಸೆಲ್ ಲೆಕ್ಕ ಒಪ್ಪುವುದಾದರೆ ಒಂದು ಮೈಕ್ರಾನ್ ದೂರದ ಪದರ ಮಿಲಿಸೆಕೆಂಡಿನಲ್ಲಿ ತುಂಬಿಕೊಳ್ಳಬೇಕಲ್ಲವಾ? ಒಂಟಿ ಬ್ಯಾಕ್ಟೀರಿಯಾದ ಸುತ್ತ ಅಂಥ ಪದರ ನಿಲ್ಲಲು ಭೌತವಿಜ್ಞಾನ ಬಿಡುವುದಿಲ್ಲ. ನಿಂತರೆ ಲಕ್ಷಾಂತರ ಒಟ್ಟಿಗೆ ತಿನ್ನುವುದರಿಂದ, ಮಿಲಿಮೀಟರುಗಟ್ಟಲೆ ಅಗಲದಲ್ಲಿ ನಿಲ್ಲಬೇಕು. ಅಥವಾ ಸಾಲ್ಮೊನೆಲ್ಲಾದವರು ಹೇಳುವ ಹಾಗೆ ಊಟಕ್ಕಿಂತ ಉಜ್ಜಾಟವೇ ಮುಖ್ಯ ಇರಬೇಕು. ಈ ಎರಡು ವಿವರಣೆಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿಬಿಟ್ಟಿದೆ. ಅವು ಎರಡೂ ಬೇರೆ.

ಬೇರೆ ಮಾಡಿ ನೋಡುವುದು ಹೇಗೆ ಅಂತ ಕಾಗದದ ಹಿಂಬದಿಯಲ್ಲಿ ಗೀಚುತ್ತಾ ಮೊನ್ನೆ ಒಂದು ಸಂಜೆ ಕಳೆದೆ. ಮೊದಲು ಹೊಳೆದದ್ದು, ಕಕ್ಷೆಯ ಪ್ರನಾಳಕ್ಕೆ ಒಂದು ಸಣ್ಣ ಕಲಕುವ ಕಡ್ಡಿ ಹಾಕಿಬಿಡೋಣ ಅಂತ. ಪ್ರಯೋಜನ ಇಲ್ಲ. ಕಲಕಿದರೆ ಊಟವೂ ಹರಡುತ್ತದೆ, ಉಜ್ಜಾಟವೂ ಜಾಸ್ತಿಯಾಗುತ್ತದೆ, ವ್ಯತ್ಯಾಸ ಮಾಯವಾದರೂ ಯಾವುದರಿಂದ ಅಂತ ಹೇಳಲಾಗದು. ಆಮೇಲೆ ಹೊಳೆಯಿತು, ಪ್ರನಾಳವನ್ನೇ ತೆಳ್ಳಗೆ ಮಾಡಬೇಕು. ಎರಡು ಹಾಳೆಗಳ ನಡುವೆ 0.1 ಮಿಲಿಮೀಟರಿನಷ್ಟೇ ದ್ರವ, ಹೊರಗಿನ ದೊಡ್ಡ ಊಟದ ತೊಟ್ಟಿಗೂ ಅದಕ್ಕೂ ಮಧ್ಯೆ ಬ್ಯಾಕ್ಟೀರಿಯಾ ದಾಟದ, ಗ್ಲೂಕೋಸ್ ದಾಟುವ ಒಂದು ತೆಳು ಪೊರೆ. ಅಷ್ಟು ದೂರಕ್ಕೆ ಗ್ಲೂಕೋಸ್‌ಗೆ ಎಂಟು ಸೆಕೆಂಡ್ ಸಾಕು, ಹಾಗಾಗಿ ಊಟದ ಕೊರತೆ ಎಂಬ ನೆಪ ಹೋಯಿತು. ಅಷ್ಟು ತೆಳು ಜಾಗದಲ್ಲಿ ನೀರು ಹರಿಯುವುದೂ ಕಷ್ಟ, ಉಜ್ಜಾಟ ಕಡಿಮೆಯೇ ಇರುತ್ತದೆ. ಪಕ್ಕದಲ್ಲಿ ಮಾಮೂಲಿ ದಪ್ಪ ಪ್ರನಾಳ. ಇವೆರಡನ್ನೂ ಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ಒಂದು ಜೊತೆ, ಹೊರಗೆ ಒಂದು ಜೊತೆ. ತೆಳ್ಳಗಿನದರಲ್ಲಿ ಹಸಿವಿನ ಜೀನ್‌ಗಳು ಏಳದಿದ್ದರೆ ಊಟದ ವಾದ ಗೆದ್ದಿತು.

ಆದರೆ ತೆಳ್ಳಗೆ ಮಾಡಿದರೆ ನೆಲದ ಮೇಲೂ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ತಳ ಮುಟ್ಟಿಬಿಡುತ್ತದೆ, 0.1 ಮಿಲಿಮೀಟರ್ ತಾನೆ. ತಳ ಮುಟ್ಟಿದ್ದು ಗೋಡೆಗೆ ಅಂಟಿಕೊಂಡು ಬಯೋಫಿಲ್ಮ್ ಶುರು ಮಾಡಿದರೆ ಇನ್ನೊಂದೇ ತಲೆನೋವು. ಅಂಟದ ಹಾಗೆ ಹಾಳೆಗೆ ಏನು ಬಳಿಯಬೇಕು ಅಂತ ಈಗ ಯೋಚಿಸುತ್ತಾ ಕೂತಿದ್ದೇನೆ, ಯಾರಿಗಾದರೂ ಒಳ್ಳೇ ಉಪಾಯ ಇದ್ದರೆ ಹೇಳಿ.